ಕೀಪರನ ಕಿರುಬೆರಳು

ಮಿರ್ಚಿ ಕಟ್ಟಿಕೊಟ್ಟ ಪೇಪರಿನ ಮೇಲೆಯೇ
ಲೆಕ್ಕ ಬರೆದ ಹಾಲೇಶಪ್ಪ:
ಅರುಳಪ್ಪ ಆ ಕಡೆಗೆ,
ಈ ಕಡೆಗೆ ತರೀಕೆರೆಯ ಇಬ್ಬರು ಬ್ಯಾಟರು,
ಮೇಲೆ, ಜನರೇಟರಿನ ಬಾಡಿಗೆ ಬಾಕಿ ಅವರದೇ.
ಎಣ್ಣೆ ಹೀರಿ ಅಂಕಿ ಕಾಣದಾದಾಗ
ಬಲ್ಬಿಗೆ ಹಿಡಿದು ಮತ್ತೊಮ್ಮೆ ಓದಿದ.
ಎಲ್ಲ ಸರಿಯಿತ್ತು.

ಇನ್ನೂ ಎರಡು ಮ್ಯಾಚಿತ್ತು ನಮಗೆ.
ಒಂದು ಗೆದ್ದರೆ ಸೆಮಿಫೈನಲ್ಲು.
ಎಂಟು ಪಾಯಿಂಟು, ಅದರಲ್ಲಿ ಆರು ಅರುಳನದೇ ಅಂತ
ಜನ್ನಾಪುರದ ಸಲೂನಿನಲ್ಲೂ ಮಾತು.
ಇಂಥ ಹೊತ್ತಲ್ಲಿ ಯಾರಾದರೂ,
ಎಂದು ಶುರು ಮಾಡಿದವರೆಲ್ಲ
ಹಾಲೇಶಪ್ಪನ ಮುಖ ಕಂಡು ಚಹಾ ಕುಡಿದರು.

"ಭುಜ ಹೋಗಿದೆಯಂತಲ್ಲ," ಅಂದ ಆತ,
"ಎತ್ತು ಕುಂಟೋ ಮುಂಚೆ ಸಂತೆಗೆ ಹೊಡೀಬೇಕು."
ಆ 'ಅಂತೆ' ಹುಟ್ಟಿದ್ದು ನನ್ನ ಬಾಯಲ್ಲಿ.
ಒಂದು ರಾತ್ರಿ, ಆಮ್ಲೆಟ್ ಗಾಡಿಯ ಹತ್ತಿರ,
ಉಪ್ಪು ಕೇಳಿದಷ್ಟೇ ಸಲೀಸಾಗಿ:
ಈಗೀಗ ಅಂಗಿ ಬಿಚ್ಚೋಕೂ ಎಡಗೈನೇ ಬೇಕು ಮಾರಾಯ, ಅವನಿಗೆ.

ಹನ್ನೊಂದು ವರ್ಷ ಅವನ ಚೆಂಡು ಹಿಡಿದಿದ್ದೇನೆ.
ಅವನ ಹೆಂಡತಿಗೂ ಗೊತ್ತಿರದ ಕೆಲವು ನನಗೆ ಗೊತ್ತು:
ನಿಧಾನದ ಎಸೆತಕ್ಕೆ ಮುಂಚೆ ಕಾಲರು ಮುಟ್ಟುವುದು,
ಯಾರ್ಕರಿಗೆ ಮುಂಚೆ ಗಲ್ಲ ಉಬ್ಬಿಸುವುದು,
ಕ್ಯಾಚು ಬಿಟ್ಟವನನ್ನು ಬಯ್ಯದೆ
ತನ್ನ ಶೂ ಲೇಸು ಬಿಚ್ಚಿ ಮತ್ತೆ ಕಟ್ಟುವುದು.
ಕಾಗದದ ಕಾರ್ಖಾನೆಯ ಸೈರನ್ನು ನಿಂತ ವರ್ಷ
ಇಬ್ಬರಿಗೂ ಒಂದೇ ದಿನ ಕೆಲಸ ಹೋಯಿತು.
ಆ ಸಂಜೆ ಖಾಲಿ ಕ್ವಾರ್ಟರ್ಸಿನ ಹಿಂದೆ
ಕಾರ್ಕಿನ ಚೆಂಡು ಹಿಡಿದು
ಕತ್ತಲಾಗುವವರೆಗೆ ಎಸೆದ,
ಕತ್ತಲಾದ ಮೇಲೂ ಎಸೆದ.
ಸದ್ದು ಕೇಳಿ ಹಿಡಿಯುತ್ತಿದ್ದೆ.
ಒಂದು ಸದ್ದು ತಡವಾಗಿ ಬಂತು.
ಕಿರುಬೆರಳು ಅಂದಿನಿಂದ ಹೊರಗೆ ನೋಡುತ್ತದೆ.

ಹೋಗುವ ಮುಂಚೆ ಬಂದ, ತಂಡದ ಅಂಗಿ ಹಿಂದಿರುಗಿಸಲು.
ಒಗೆದು ಇಸ್ತ್ರಿ ಮಾಡಿತ್ತು.
ಬೆನ್ನಿನ ಹತ್ತೊಂಬತ್ತರಲ್ಲಿ ಒಂಬತ್ತು ಅರ್ಧ ಕಿತ್ತಿತ್ತು.
"ಹೊಸಬನಿಗೆ ಆಗುತ್ತಾ ನೋಡು, ತೋಳು ಸ್ವಲ್ಪ ಉದ್ದ."
ಮತ್ತೇನೂ ಅನ್ನಲಿಲ್ಲ.
ನನ್ನ ಬಾಗಿಲ ಮೆಟ್ಟಿಲ ಮೇಲೆ ಕೂತು
ಶೂ ಲೇಸು ಬಿಚ್ಚಿದ,
ಮತ್ತೆ ಕಟ್ಟಿದ.

ಮೊದಲ ಮ್ಯಾಚಲ್ಲಿ ಹೊಸಬರಿಬ್ಬರೂ ಚೆನ್ನಾಗಿಯೇ ಹೊಡೆದರು.
ನೂರಾ ಹನ್ನೆರಡು. ಹಾಲೇಶಪ್ಪ ಪಟಾಕಿ ತರಿಸಿದ.
ನಮ್ಮ ಬೌಲರುಗಳು ನೂರಾ ಹದಿಮೂರು ಕೊಟ್ಟರು,
ಎರಡು ಓವರು ಉಳಿಸಿ.
ಪಟಾಕಿಯ ಡಬ್ಬ ಸ್ಕೂಟರಿನ ಮುಂದೆ ಇಟ್ಟುಕೊಂಡು
ಮಕ್ಕಳ ಕಣ್ಣು ತಪ್ಪಿಸಿ ಹೋದ.

ಉಳಿದದ್ದು ತರೀಕೆರೆ.
ಹಿಂದಿನ ರಾತ್ರಿ ಆತ ಮನೆಗೇ ಬಂದ:
"ಅವನ ಗುಟ್ಟು ನಿನ್ನ ಹತ್ತಿರ ಇರಬೇಕಲ್ಲ."
ಇತ್ತು. ಎರಡಿತ್ತು.
ಒಂದು ಕೊಟ್ಟೆ.
ಆತ ಚಪ್ಪಲಿ ಬಿಡುವಷ್ಟೂ ಹೊತ್ತಾಗಲಿಲ್ಲ.
ಇನ್ನೊಂದನ್ನು ಉಳಿಸಿಕೊಂಡೆನೆಂದು
ರಾತ್ರಿಯೆಲ್ಲ ನನಗೆ ನಾನೇ ಸಮಾಧಾನ ಹೇಳಿಕೊಂಡೆ,
ಅರ್ಧ ಕದ್ದವನು ಅರ್ಧ ಸಾಚಾ ಎಂಬಂತೆ.

ಕೊನೆಯ ಓವರು. ಏಳು ರನ್ನು. ಕೊನೆಯವನು ನಾನು.
ಜನರೇಟರು ಕೆಮ್ಮಿತು, ದೀಪ ಕೆಂಪಾಗಿ ಮತ್ತೆ ಬೆಳಗಿತು.
ಓಡಿ ಬರುವ ಮುಂಚೆ ಅರುಳ ಕಾಲರು ಮುಟ್ಟಿದ,
ಗಲ್ಲವನ್ನೂ ಉಬ್ಬಿಸಿದ,
ಎರಡೂ ಒಟ್ಟಿಗೆ,
ನನ್ನನ್ನೇ ನೋಡಿಕೊಂಡು.

ಕಣ್ಣು ಮುಚ್ಚಿದೆ. ಸದ್ದಿಗೆ ಕಾದೆ.
ಬ್ಯಾಟಿನ ಹಿಡಿಗೆ ಎಂದೂ ಒಗ್ಗದ ಕಿರುಬೆರಳು
ಎಂದಿನಂತೆ ಹೊರಗೆ, ಅವನ ಕಡೆಗೇ ಚಾಚಿತ್ತು.

ಈ ಸಲ ಸದ್ದು
ಸರಿಯಾದ ಹೊತ್ತಿಗೇ ಬಂತು, ನನ್ನ ಬೆನ್ನ ಹಿಂದೆ,
ಮೂರು ಕೋಲುಗಳ ನಡುವೆ.