ಬಿಲ್ಲೆ

ಸರ್ವರಿಗೆ ನೆನಪಿಲ್ಲ. ಇದು ಮೊದಲನೇ ಪಾಠ.
ಕೇಳಿದ್ದಕ್ಕ ಒಮ್ಮೆ ಜವಾಬು ಕೊಟ್ಟು
ಕೈ ಝಾಡಿಸಿಕೊಂಡು ಬಿಡ್ತದ.
ಮರುಗಳಿಗೆ ಅದೇ ಮನುಷ್ಯ ಬಾಗಿಲಿಗೆ ಬಂದ್ರ
ಯಾರು ನೀ, ಅಂತದ.

ಅದಕ್ಕೇ ಕುಕಿ.
ಹೆಸರು ಕೇಳಿ ಚಹಾದ ಹುಡುಗ ಮಸ್ತಾನ್
ಒಂದಿನ ಉಸ್ಮಾನಿಯಾ ಬಿಸ್ಕೀಟು ತಂದಿಟ್ಟಿದ್ದ.
ಇದು ತಿನ್ನೂದಲ್ಲೋ, ಅಂದೆ.
ಅಂದು, ತಿಂದೆ.

ಹುಮನಾಬಾದ್ ರಸ್ತೆ, ದಾಲ್ ಮಿಲ್ಲಿನ ಮಾಳಿಗಿ ಮ್ಯಾಲ ನಮ್ಮ ಆಫೀಸು.
ಕೀಬೋರ್ಡಿನ ಸಂದಿಗೂ ತೊಗರಿ ಧೂಳು ಇಳೀತದ.
ಗಂಜಿನ ಅಡತಿಯವರು ತಮ್ಮ ಲೆಕ್ಕ ತಾವೇ ನೋಡೂಹಂಗ
ನಾನೂ ತಹಸೀನೂ ಕಟ್ಟಿದ್ದು.
ಸೋಮವಾರ ರಾಚಣ್ಣ ಸಾವಕಾರರ ಫೋನು:
"ತಂಗೀ, ಹೊರಗ ಬಂದೀರಿ ಅಂತ ತೋರಸ್ತದ,
ಖರೆ ನಾ ಇನ್ನಾ ಒಳಗೇ ಇದ್ದೀನಿ.
ನಾ ಎದ್ದ ಮ್ಯಾಲ ಕುಂತ ಗುಮಾಸ್ತ
ನನ್ನ ಬಾಕಿ ಎಲ್ಲಾ ಓದ್ಯಾನ."

ಫ್ರೇಮ್‌ವರ್ಕಿನ್ಯಾಗ ಒಂದೇ ಸಾಲು: ಈ ಕುಕಿ ಅಳಿಸು.
ಅಳಿಸಿದೆ. ಅಳೀಲಿಲ್ಲ.
ಮಂಗಳವಾರ ಅಳಿಸಿದೆ. ಬುಧವಾರ
ತಹಸೀನ್ ಅಳಿಸಿದಳು, ನಾ ನೋಡಕೋತ ಕುಂತೆ.

ಜುಮೇರಾತಿನ ಸಂಜಿ ಅವಳ ಸಂಗಾಟ ದರ್ಗಾಕ್ಕ ಹೋದೆ.
ಚಪ್ಪಲಿ ಕಾಯೋ ಮುದುಕ ಮಾರಿ ಎತ್ತಿ ನೋಡಲಿಲ್ಲ.
ನನ್ನ ಜೋಡು ಎರಡುನೂರಾ ಹನ್ನೆರಡನೇ ಗೂಡಿಗೆ,
ನನ್ನ ಕೈಗೆ ತಗಡಿನ ಬಿಲ್ಲೆ.
ಬಿಲ್ಲೆ ಮ್ಯಾಲ ನನ್ನ ಹೆಸರಿಲ್ಲ, ಕಾಲಿನ ಅಳತಿ ಇಲ್ಲ,
ಎಡಗಾಲಿನ ಉಂಗುಷ್ಠ ಕಿತ್ತ ಸುದ್ದಿ ಇಲ್ಲ.
ಬರೇ ಅಂಕಿ. ಉಳಿದದ್ದೆಲ್ಲ ಗೂಡಿನ ಕತ್ತಲಾಗ.

ಹೊಸಾ ಹುಡುಗರಿಗೆ ಎಷ್ಟು ಸಲ ಹೇಳೀನಿ ಇದನ್ನ!
ಮನಿ ಗುಟ್ಟು ಕುಕಿಯೊಳಗ ಇಡಬ್ಯಾಡ್ರೋ, ಗುರುತು ಇಡ್ರಿ,
ಅದಕ್ಕೂ ಒಂದು ಮೊಹರು ಒತ್ರಿ.

ಬಿಲ್ಲೆ ಅಂಚಿಗೆ ಮೊಳಿ ಬಡಿದ ಮೂರು ಚುಕ್ಕಿ.
"ಇವು ಯಾಕ, ಚಾಚಾ?"
"ಖೊಟ್ಟಿ ಬಿಲ್ಲೆ ಮಾಡಿಸ್ಕೊಂಡು ಬರ್ತಾರ, ಬೇಟಿ.
ಅಂಕಿ ಯಾರಾದ್ರೂ ಕೊರೀತಾರ. ಚುಕ್ಕಿ ನನ್ನವು."
"ತಿರುಗಿ ಬರದವರ ಜೋಡು?"
ಮೂಲಿ ಕಡೆ ಗದ್ದ ತೋರಿಸಿದ:
"ಉರುಸಿನ ತನಕ ಇಡ್ತೀನಿ. ಆಮ್ಯಾಲ ಯಾರ ಕಾಲಿಗೆ ಬಂತೋ ಅವರದು."
ಅದರಾಗ ಒಂದು ಜೋಡು ಹೊಸಾದು,
ಅಂಗಡಿ ಚೀಟಿ ಇನ್ನಾ ಹಿಮ್ಮಡಕ್ಕ ಹತ್ತಿದ್ದು.

ತಿರುಗಿ ಬರೂಮುಂದ ಸಾಲಿನಾಗ ಜಗಳ.
ಒಬ್ಬಾಂವ ಬಿಲ್ಲೆ ಕುಟ್ಟಕತ್ತಿದ್ದ: ಎರಡುನೂರಾ ಹನ್ನೆರಡು, ನನ್ನ ಬೂಟು ಕೊಡು!
ಮುದುಕ ಬಿಲ್ಲೆ ತಿರುವಿ ನೋಡಿ ಅಂದ:
"ಅಂಕಿ ಖರೇ ಅದ. ಬಾಗಲಾ ತಪ್ಪೈತಿ, ಭಾಯಿ.
ಇದು ಆಚಿ ಬಾಗಲದ ಬಿಲ್ಲೆ."

ನಾನೂ ತಹಸೀನೂ ಒಬ್ಬರ ಮಾರಿ ಒಬ್ಬರು ನೋಡಿದಿವಿ.
ಚಪ್ಪಲಿ ಮೆಟ್ಟಿದೆನೋ ಇಲ್ಲೋ, ಆಟೋದಾಗ ಇದ್ದೆ.

ಕುಕಿ ಕೊಟ್ಟದ್ದು ಹೆಬ್ಬಾಗಿಲದಾಗ,
ಅಳಿಸಕತ್ತಿದ್ದು ಒಳಗಿನ ಲೆಕ್ಕದ ಖೋಲಿಯಾಗ.
ಹೆಸರು ಅದೇ, ದಾರಿ ಬ್ಯಾರೆ.
ಬ್ರೌಸರ್ ಪಾಪ, ಇಲ್ಲದ ಕುಕಿ ಹುಡುಕಿ
ಸುಮ್ಮನ ಕುಂತಿತ್ತು ಮೂರು ದಿನ.

ಅಳಿಸೂದು ಅಂದ್ರ ಒರೆಸೂದಲ್ಲ ಇಲ್ಲಿ.
ಅದನ್ನ ಇನ್ನೊಮ್ಮೆ ಹೆಸರು ಹಿಡಿದು ಕರೀಬೇಕು,
ಕೊಟ್ಟ ಬಾಗಿಲಿಗೇ ಹೋಗಿ, ಪೂರಾ ವಿಳಾಸದ ಸಮೇತ,
ಬರಿಗೈಲಿ,
ನಿನ್ನ ವಾಯಿದೆ ಎಂದೋ ಮುಗಿದದ ಅನ್ನಬೇಕು.
ಎಂದು? ಸಾವಿರದ ಒಂಬೈನೂರಾ ಎಪ್ಪತ್ತು, ಜನವರಿ ಒಂದು.
ನಾ ಹುಟ್ಟಿರಲಿಲ್ಲ, ನಮ್ಮವ್ವನೂ ಹುಟ್ಟಿರಲಿಲ್ಲ.
ಅವತ್ತು ಜುಮೇರಾತ್ ಇತ್ತಂತ,
ತಹಸೀನ್ ಲೆಕ್ಕಾ ಹಾಕಿ ಹೇಳಿದಳು.

ಒಬ್ಬನ ಹೆಸರು ನಾಲ್ಕು ವರ್ಷ ಬಾಯಾಗ ತಂದಿಲ್ಲ ನಾನು.
ಅದು ರೀತಿಯಲ್ಲ ಅಂತ ಈಗ ತಿಳೀತು.

ಶುಕ್ರವಾರ ಮುಂಜಾನೆ ಮತ್ತ ರಾಚಣ್ಣ ಸಾವಕಾರರ ಫೋನು.
ಹಿಂದ ಗಂಜಿನ ಗದ್ದಲ, ಯಾರೋ ತೂಕ ಕೂಗತಿದ್ದರು.
"ಖರೇನೂ ಹೊರಗ ಬಂದೆ ತಂಗೀ, ಶಾಭಾಸ್!
ಈಗ ಒಳಗ ಹ್ಯಾಂಗ ಹೋಗೂದು?
ಪಾಸ್‌ವರ್ಡ್ ಗುಮಾಸ್ತನಿಗೇ ಗೊತ್ತಿತ್ತು.
ನಿನ್ನೆ ಅಂವನ್ನ ಬಿಡಿಸಿಬಿಟ್ಟೀನಿ."