ಗುತ್ತಲು ರಸ್ತೆಯಲ್ಲಿ ಎರಡು ಕ್ಯಾಮ್‌ಶಾಫ್ಟು

ಲೇತ್ ಸಾಕಮ್ಮ ಹಳೇ ಪೇಪರಿನ ಮೇಲೆ
ಎರಡು ಕ್ಯಾಮ್‌ಶಾಫ್ಟು ಮಲಗಿಸಿದಳು,
ಪಕ್ಕದಲ್ಲಿ ಎರಡು ಮ್ಯಾನಿಫೋಲ್ಡು.
ಹೆಣ್ಣು ನೋಡಲು ಬಂದವನ ಹಾಗೆ
ನಾನು ಪ್ಲಾಸ್ಟಿಕ್ ಸ್ಟೂಲಿನ ತುದಿಯಲ್ಲಿ.

ಹೊರಗೆ ಬಾನೆಟ್ಟು ತೆರೆದು ನಿಂತ ನನ್ನ ಕಾಂಟೆಸ್ಸಾ.
ತೊಂಬತ್ತೊಂದರ ಮಾಡೆಲ್ಲು, ಎಮ್ಮೆಯಂಥ ಕಪ್ಪು ಮೈ,
ಎಮ್ಮೆಯಂಥದೇ ನಡಿಗೆ. ನನ್ನ ದುಃಖವೇ ಅದು.
ಬೂಸಾ ಅಂಗಡಿಯ ಗಲ್ಲಾದಿಂದ ಮೂರು ವರ್ಷ
ಮಂಗಳಗೌರಿಗೆ ಕಾಣದಂತೆ ಜಾರಿಸಿದ ದುಡ್ಡು ಜೇಬಿನಲ್ಲಿ.

"ದೊಡ್ಡದೇ ಇರಲಿ" ಅಂದೆ.
ಅದರ ಉಬ್ಬುಗಳ ಮೇಲೆ ಹೆಬ್ಬೆರಳಾಡಿಸಿದರೆ
ಕಿವಿಯಲ್ಲಾಗಲೇ ಆ ಸದ್ದು:
ನಿಂತಲ್ಲೇ ದಡಕ್ ದಡಕ್ ಅನ್ನುವ,
ಕೇಳಿದವರು ಟೀ ಲೋಟ ಕೆಳಗಿಡುವ ಸದ್ದು.

ಅವಳು ಡಯಲ್ ಗೇಜಿನ ಗಾಜನ್ನು ಸೆರಗಿನಿಂದ ಒರೆಸಿದಳು.
"ಎಲ್ಲೆಲ್ಲಿ ಓಡುಸ್ತೀಯ, ಅದ ಮೊದ್ಲು ಯೋಳು."

ಹೇಳಿದೆ. ಅಂಗಡಿಗೆ. ಮಾರ್ಕೆಟ್ಟಿಗೆ.
ಶುಗರ್ ಫ್ಯಾಕ್ಟರಿ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹಿಂದೆ,
ಸೆಕೆಂಡ್ ಗೇರು, ಗರಿ ಗಾಜಿಗೆ ತಾಗುವಷ್ಟು ಹತ್ತಿರ.
ಭಾನುವಾರ ಅತ್ತೆಯನ್ನು ಕೂರಿಸಿಕೊಂಡು ಮೈಸೂರಿಗೆ;
ಅರವತ್ತು ದಾಟಿದರೆ ಅವರು ಕೆಮ್ಮುತ್ತಾರೆ.
"ಐದು ಸಾವಿರ ಆರ್‌ಪಿಎಂ ಯಾವತ್ತಾದ್ರೂ ಕಂಡಿದ್ದೀಯ?"
ಇಂಡುವಾಳು ದಾಟಿ, ಬೆಳಗಿನ ಐದಕ್ಕೆ, ಒಂದು ಸಲ.
"ಎಷ್ಟೊತ್ತು?"
ಲೆಕ್ಕ ಹಾಕಿದೆ. ನಾಯಿ ಅಡ್ಡ ಬರೋವರೆಗೆ.

ನಗಲಿಲ್ಲ ಅವಳು.
"ಕ್ಯಾಮು ಅಂದ್ರೆ ನೀರುಗಂಟಿ ಕಣಪ್ಪ.
ತೂಬು ಯಾವಾಗ ಎತ್ಬೇಕು, ಎಷ್ಟೆತ್ತರ, ಎಷ್ಟೊತ್ತು,
ಎಲ್ಲಾ ಅವ್ನ ಕೈಲದೆ.
ಈ ದೊಡ್ಡೋನು ಧಾರಾಳಿ. ಬರೋ ತೂಬು, ಹೋಗೋ ತೂಬು
ಎರಡ್ನೂ ಒಟ್ಟೊಟ್ಗೆ ತೆಗ್ದಿಟ್ಟು ಬೀಡಿ ಹಚ್ತಾನೆ.
ನಾಲೆ ತುಂಬಿ ಬಂದ್ರೆ ಸರಿ, ಗದ್ದೆ ಉಣ್ತದೆ.
ನೀರು ನಿಧಾನುಕ್ ಬರೋವಾಗ?
ಬಂದದ್ದು ಬಂದಂಗೇ ಆಚೆ.
ನಿಂಗೆ ಬೇಕಾಗಿರೋ ದಡಕ್ ದಡಕ್ಕು
ಗಂಡಸ್ತನ ಅಲ್ಲ, ಇಂಜಿನ್ನು ಹಸ್ಕೊಂಡು ತೇಗೋದು."

ಗಿಡ್ಡ ದಪ್ಪ ಕೊಳವೆಯ ಮ್ಯಾನಿಫೋಲ್ಡಿಗೆ
ನನ್ನ ಮೂರು ಬೆರಳು ಸಲೀಸಾಗಿ ಹೋದವು;
ಉದ್ದ ಸಪೂರದ್ದಕ್ಕೆ ಎರಡೇ.
"ವಿ.ಸಿ. ನಾಲೇಲಿ ಮೊಣಕಾಲುದ್ದ ನೀರು ನೋಡಿದ್ದೀಯಲ್ಲ,
ನಡೀತದೋ ನಿಂತದೋ ಗೊತ್ತಾಗಕಿಲ್ಲ.
ಅದೇ ನೀರ ಕಿರುಗಾಲ್ವೇಗೆ ಬಿಡು,
ಕಾಲ್ನಲ್ಲಿರೋ ಚಪ್ಪಲಿ ಕಿತ್ಕೊಂಡೋಯ್ತದೆ."

ಬ್ರೇಕು? ಅಂದೆ, ಸೋಲನ್ನು ತುಸು ಮುಂದೂಡಲು.
"ಬೂಸ್ಟರ್ ಬದುಕೋದೂ ಈ ಮ್ಯಾನಿಫೋಲ್ಡಿನ ಎಳೆತದಲ್ಲೇ.
ದೊಡ್ಡೋನ್ನ ಹಾಕುದ್ರೆ ಸಿಗ್ನಲ್ನಲ್ಲಿ ಪೆಡಲ್ ಕಲ್ಲಾಯ್ತದೆ.
ಆಗ ನಿಮ್ಮತ್ತೆ ಕೆಮ್ಮಕಿಲ್ಲ, ಕಿರುಚ್ತಾರೆ."

"ನಿಮ್ಮ ಗಾಡೀಲಿ ಎಂಥ ಕ್ಯಾಮು?"
ಗೋಡೆಗೊರಗಿದ ಲೂನಾ ತೋರಿಸಿದಳು.
"ಅದ್ರಲ್ಲಿ ಕ್ಯಾಮೇ ಇಲ್ಲ. ಮನೆ ಸೇರುಸ್ತದೆ."

ಚಿಕ್ಕದೇ ಆಯಿತು. ಸಪೂರದ್ದೇ ಆಯಿತು.

ಮಂಗಳವಾರ ಹೋದಾಗ ಇಂಜಿನ್ನು ಓಡುತ್ತಿತ್ತು,
ಏರ್ ಕ್ಲೀನರ್ ಮೇಲೆ ಸ್ಟೀಲ್ ಲೋಟದ ತುಂಬ ನೀರು.
ಬಗ್ಗಿ ನೋಡಿದರೆ ಮಾತ್ರ ಕಾಣುವಂತೆ
ನೀರಿನ ಅಂಚಿನಲ್ಲೊಂದು ನಡುಕ.
ತಲೆಯೆತ್ತಿ ಅವಳ ಮುಖ ನೋಡಿದೆ.
ಸೀಮೆಎಣ್ಣೆಯಲ್ಲಿ ಕೈ ತೊಳೆಯುತ್ತಾ,
"ಹಿಮ್ಮಡಿ ಒಂದ್ ಕೂದ್ಲೆಳೆ ಸವೆಸಿವ್ನಿ,
ನಿನ್ ಸಮಾಧಾನುಕ್ಕೆ. ಬಿಲ್ನಲ್ಲಿ ಬರ್ದಿಲ್ಲ."

ವಾಪಸು ಬರುವಾಗ ಟೀ ಅಂಗಡಿಯಲ್ಲಿ
ಯಾರೂ ಲೋಟ ಕೆಳಗಿಡಲಿಲ್ಲ.
ಮುಂದೆ ಮತ್ತದೇ ಟ್ರ್ಯಾಕ್ಟರು. ಸೆಕೆಂಡ್ ಗೇರು.
ಎದುರು ಖಾಲಿಯಾಯಿತು, ಕಾಲೊತ್ತಿದೆ.
ಕಬ್ಬಿನ ಗರಿ ಗಾಜಿಗೆ ತಾಗಿತು,
ಬಿಟ್ಟಿತು.