ಮೂವತ್ತೇಳು ಏನು?

ತಿಂಗಳ ಮೊದಲ ಗುರುವಾರ, ಇಶಾ ನಮಾಜು ಮುಗಿದ ಮೇಲೆ
ಸೂರ್ ಪಟ್ಟಣದ ಚರಿತ್ರೆ ಸಂಘದಲ್ಲಿ ಭಾಷಣ.
ಕುರ್ಚಿ ನಲವತ್ತು ಹಾಕುತ್ತೇನೆ, ಪ್ರತಿ ಸಲ.
ಬರುವವರು ಹದಿಮೂರೋ ಹದಿನಾಲ್ಕೋ,
ಅದರಲ್ಲಿ ಇಬ್ಬರು ಎಸಿಯ ತಂಪಿಗೆ,
ಒಬ್ಬ ಖರ್ಜೂರಕ್ಕೆ.

ನಾನು ಮೈಕಿನವನು. ಗಂಗೊಳ್ಳಿಯವನು.
ಹನ್ನೊಂದು ವರ್ಷದಲ್ಲಿ ಈ ಊರಿನ ಕತೆ
ನನ್ನೂರಿನದಕ್ಕಿಂತ ಹೆಚ್ಚು ಕೇಳಿದ್ದೇನೆ,
ವಯರು ಸುತ್ತುತ್ತಾ, ಅರ್ಧರ್ಧ:
ಯಾವ ಬಾವಿಯ ನೀರು ಸಿಹಿ ಇತ್ತು,
ಯಾವ ಬಿರುಗಾಳಿಗೆ ಎಷ್ಟು ಹಡಗು ಹೋದವು,
ಯಾರ ಅಜ್ಜಿಯನ್ನು ಜಾಂಜಿಬಾರಿನಿಂದ ತಂದದ್ದು.
ಅಲ್ಲಿಗೆ ಬಂದಾಗ ಎಲ್ಲರಿಗೂ ಕೆಮ್ಮು.

ಈ ಸಲ ಸುವೈದ್ ಮೇಷ್ಟ್ರ ಸರದಿ.
ಪರದೆಯ ಮೇಲೆ ಒಂದು ಹಲಗೆ,
ಐಜಾದ ದಂಡೆಯಲ್ಲಿ ಬಿಚ್ಚಿದ ಹಳೇ ಗಂಜಾ ಹಡಗಿನದು,
ನೂರು ವರ್ಷ ಉಪ್ಪು ಕುಡಿದ ಸಾಗುವಾನಿ.
ಮೂಲೆಯಲ್ಲಿ ಉಳಿಯಿಂದ ಕೊರೆದ ಎರಡು ಗುರುತು.
"ಇದು ಅಲೆ," ಎಂದರು ಮೇಷ್ಟ್ರು, ಬೆರಳ ನೆರಳು ಇಟ್ಟು,
"ಇದು ಗಾಳ. ಕಡಲ ಜಿನ್ನುಗಳ ಕಣ್ಣು ತಾಗದಿರಲೆಂದು
ನಮ್ಮ ಬಡಗಿಗಳು ಬರೆದ ರಕ್ಷೆ."
ನಾಲ್ಕು ವರ್ಷ ಇದರ ಹಿಂದೆ ಬಿದ್ದಿದ್ದರು.
ಕೈ ಸ್ವಲ್ಪ ನಡುಗುತ್ತಿತ್ತು.

ಪ್ರೊಜೆಕ್ಟರಿನ ಪಕ್ಕ ನಿಂತು ನೋಡಿದೆ.
ಒಂದನೇ ಕ್ಲಾಸಿನ ಸ್ಲೇಟು, ಐರಿನ್ ಟೀಚರ ಬಳೆಯ ಸದ್ದು,
ಕುಂದಾಪುರದ ಕೆಂಪು ಬಸ್ಸಿನ ಹಣೆ.
ಅಲೆಯಲ್ಲ ಅದು. ಗಾಳವೂ ಅಲ್ಲ.
೩೭.

ಹೇಳಬೇಕೋ ಬೇಡವೋ.
ಮೈಕಿನವನಿಗೆ ಮೈಕಿಲ್ಲ, ಅದು ಪದ್ಧತಿ.
ಪ್ರಶ್ನೆಯ ಹೊತ್ತಿಗೆ ಬಾಯಿ ತಾನೇ ತೆರೆಯಿತು:
"ಸಬಾ ವ ಸಲಾಸೀನ್, ಉಸ್ತಾದ್.
ನಮ್ಮ ಲಿಪಿ. ಬರೀ ಲೆಕ್ಕ."

ಎಸಿ ಒಂದೇ ಗೊರಗೊರ ಎಂದಿತು.
ಬರೆದು ತೋರಿಸು ಎಂದರು ಯಾರೋ.
ಬೋರ್ಡಿನ ಮೇಲೆ ಒಂದರಿಂದ ಹತ್ತು ಬರೆದೆ,
ಎಂಟರ ಹತ್ತಿರ ತಡವರಿಸಿದೆ, ಎಷ್ಟು ವರ್ಷವಾಯಿತು.
ನಖೋದಾ ಖಮೀಸರಿಗೆ ತೊಂಬತ್ತು ಹತ್ತಿರ. ನಕ್ಕರು:
"ನಮ್ಮ ಅಂಕಿಗೇ ನಾವು ಹಿಂದಿ ಅಂಕಿ ಅನ್ನುವುದು.
ಈಗ ಹಿಂದಿಯವನೇ ಬಂದ."
ಆಮೇಲೆ ಊರುಗೋಲಿನ ಮೇಲೆ ಗಲ್ಲವಿಟ್ಟು ಕೇಳಿದರು:
"ಮೂವತ್ತೇಳು ಏನು, ಮಗನೇ?"

ಏನು?
ಮರದ ದಿಮ್ಮಿಯೋ, ಎತ್ತಿನ ಗಾಡಿಯೋ,
ಹೊಳೆಬಾಯಲ್ಲಿ ಎಣಿಸುತ್ತಾ ನಿಂತವನ
ಬಾಕಿ ಉಳಿದ ಕೂಲಿಯೋ.
ಮೂವತ್ತಾರು ಯಾವ ಹಡಗಿಗೆ ಹೋಯಿತು,
ಮೂವತ್ತೆಂಟನ್ನು ಯಾರು ಒಲೆಗೆ ಹಾಕಿದರು.
"ಮಾಫಿ ಮಾಲೂಮ್," ಎಂದೆ.
ಖರ್ಜೂರದ ತಟ್ಟೆ ಒಂದು ಸುತ್ತು ಹೋಗಿ ಬಂತು.

ಎಲ್ಲರೂ ಎದ್ದ ಮೇಲೂ ಮೇಷ್ಟ್ರು ಬೋರ್ಡಿನೆದುರು.
ಒರೆಸಲು ಹೋದೆ. ಇರಲಿ ಎಂದರು.
ನೋಟ್‌ಬುಕ್ಕಿನಲ್ಲಿ ರಕ್ಷೆ ಎಂಬ ಮಾತನ್ನು ಹೊಡೆದು ಹಾಕಲಿಲ್ಲ.
ಪಕ್ಕದಲ್ಲಿ ನನ್ನ ಏಳನ್ನು ನೋಡಿ ನೋಡಿ ಬರೆದರು,
ಬಲಗಡೆಯಿಂದ ಶುರು ಮಾಡಿ, ಬಾಲ ತಪ್ಪಿಸಿ.
"ಆದರೂ," ಎಂದರು, "ಗಾಳದ ಹಾಗೇ ಇದೆ."

ಹೌದು ಎಂದೆ.
ಮೈಕು ಆಫ್ ಮಾಡಿರಲಿಲ್ಲ,
ನಲವತ್ತು ಕುರ್ಚಿಗೂ ಕೇಳಿಸಿತು.